ಇನ್ನೊಂದು ಬ್ಯಾಗು

ಪದೇ ಪದೇ ವಿಮಾನ ಹತ್ತುವವರಿಗೆ ಯಾವುದು ಮುಖ್ಯ ಎಂದು ಹ್ಯಾಂಬರ್ಗ್ ಏರ್‌ಪೋರ್ಟಿನ ಗೇಟಿನಲ್ಲಿ ಸರ್ವೆಗೆಂದು ಟ್ಯಾಬ್ಲೆಟ್ ಹಿಡಿದ ಹುಡುಗಿ ಕೇಳಿದಾಗ ನಾನು "ಪಂಕ್ಚುಯಾಲಿಟಿ" ಎಂದೆ. ಹಸಿ ಸುಳ್ಳು. ಆಫೀಸಿನ ಕೆಲಸಕ್ಕೆಂದು ವಾರವಾರವೂ ಮ್ಯೂನಿಕ್‌ಗೆ ಹಾರುವ ನನಗೆ ವಿಮಾನ ತಡವಾಗಿ ಮೀಟಿಂಗ್ ತಪ್ಪಿದರೆ ಸಂತೋಷವೇ. ನನಗೆ ಬೇಕಿದ್ದುದು ಹೆಚ್ಚು ಹಾರುವವರಿಗೆ ವಿಮಾನ ಕಂಪನಿ ಕೊಡುವ ಗೋಲ್ಡ್ ಕಾರ್ಡ್. ಅದಿದ್ದರೆ ಊರಿಂದ ಬರುವಾಗ ಇನ್ನೊಂದು ಬ್ಯಾಗನ್ನು ಪುಕ್ಕಟೆಯಾಗಿ ತರಬಹುದು.

ನಮ್ಮ ಮನೆಯಲ್ಲಿ ಆ ಕಾರ್ಡು ಇದ್ದದ್ದು ನನ್ನ ಗಂಡ ತೇಜಸ್ವಿಯ ಹತ್ತಿರ ಮಾತ್ರ. ಹಾಗಾಗಿ ಆ ಬ್ಯಾಗು ಅವನ ಅಮ್ಮನ ಸ್ವತ್ತು. ಕಳೆದ ಸಲ ಮೈಸೂರಿನಿಂದ ಹೊರಡುವಾಗ ಅತ್ತೆ ಸುಶೀಲಾಬಾಯಿ ಅದರೊಳಗೆ ಉಪ್ಪಿನಕಾಯಿ, ಚಟ್ನಿಪುಡಿ, ರಾಗಿಹಿಟ್ಟು ತುರುಕಿ, ಮೇಲೆ ಕೂತು ಜಿಪ್ ಎಳೆದರು. ನನ್ನ ಅಮ್ಮ ಜಲಜಮ್ಮ ಹೊತ್ತು ತಂದಿದ್ದ ಸಂಡಿಗೆ, ಮಾವಿನಮಿಡಿಯ ಡಬ್ಬಗಳು ಸೋಫಾದ ಮೇಲೆಯೇ ಉಳಿದವು. "ಪರವಾಗಿಲ್ಲ ಬಿಡು," ಎಂದಳು ಅಮ್ಮ. ಆ 'ಪರವಾಗಿಲ್ಲ' ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ. ಬರುವ ಯುಗಾದಿಗೆ ಅಮ್ಮನ ಡಬ್ಬಗಳು ನನ್ನ ಜೊತೆ ಬಂದೇ ಬರಬೇಕು.

ವರ್ಷ ಮುಗಿಯುತ್ತಿತ್ತು, ನನಗೆ ಕಾರ್ಡು ಸಿಗಲು ಇನ್ನೊಂದು ಪ್ರಯಾಣ ಬಾಕಿ ಇತ್ತು. ಭಾನುವಾರ ಮ್ಯೂನಿಕ್‌ನಲ್ಲಿ ಕ್ಲೈಂಟ್ ಮೀಟಿಂಗ್ ಎಂದು ಗಂಡನಿಗೆ ಬುರುಡೆ ಬಿಟ್ಟೆ. ಭಾನುವಾರ ವಾಷಿಂಗ್ ಮೆಷಿನ್ ಹಾಕಿದರೂ ಪಕ್ಕದ ಮನೆಯವರು ಬಾಗಿಲು ಬಡಿಯುವ ದೇಶ ಇದು. ಆದರೂ ತೇಜಸ್ವಿ ನಂಬಿದ. "ನಾನೂ ಹ್ಯಾನೋವರ್‌ಗೆ ಹೋಗ್ತಿದೀನಿ, ಫ್ರೆಂಡ್ ಮನೆ ಶಿಫ್ಟ್ ಮಾಡ್ತಿದಾನೆ," ಎಂದ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಟ್ಯಾಬ್ಲೆಟ್ ಹುಡುಗಿ ನನ್ನ ಹಿಂದೆ ನಿಂತವನನ್ನೂ ಅದೇ ಕೇಳಿದಳು.

"ಪಂಕ್ಚುಯಾಲಿಟಿ."

ಧ್ವನಿ ಕೇಳಿ ತಿರುಗಿದೆ. ತೇಜಸ್ವಿ!

"ಹ್ಯಾನೋವರ್ರೇ ಮ್ಯೂನಿಕ್‌ಗೆ ಶಿಫ್ಟ್ ಆಯ್ತಾ?" ಎಂದೆ.

"ಸಂಡೇ ನಿನ್ ಕ್ಲೈಂಟ್ ಎಲ್ ಸಿಗ್ತಾನೆ, ಚರ್ಚಲ್ಲಾ?" ಎಂದ ಅವನು.

ನಾನು ನನ್ನ ಕಾರ್ಡಿನ ಆಸೆ ಒಪ್ಪಿಕೊಂಡೆ. ಅವನ ಕಾರ್ಡಿನ ಅವಧಿ ಮುಗಿಯುತ್ತಿತ್ತಂತೆ. ಉಳಿಸಿಕೊಳ್ಳಲು ಅವನಿಗೂ ಒಂದೇ ಪ್ರಯಾಣ ಬೇಕಿತ್ತಂತೆ. ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮಮ್ಮನ ಉಪ್ಪಿನಕಾಯಿಗೋಸ್ಕರ ಸುಳ್ಳು ಹೇಳಿದ್ಯಾ?"

ತೇಜಸ್ವಿ ಅತ್ತಿತ್ತ ನೋಡಿದ. ಮೈಸೂರಿನಲ್ಲಿರುವ ತಾಯಿಗೆ ಎಲ್ಲಿ ಕೇಳಿಸುತ್ತದೋ ಎಂಬ ಹೆದರಿಕೆ. "ಅದು ಬರೀ ಉಪ್ಪು ಕಣೇ ಕೀರ್ತಿ. ಬೇಡ ಅನ್ನೋ ಧೈರ್ಯ ನಂಗಿಲ್ಲ. ನಂಗ್ ಬೇಕಾಗಿರೋದು ನಿಮ್ಮಮ್ಮನ ಮಿಡಿ."

"ಹಾಗಾದ್ರೆ ನಿನ್ ಕಾರ್ಡ್ ಹೋದ್ರೆ ಹೋಗ್ಲಿ, ಬಿಡು!"

"ಹೋದ್ರೆ ನಮ್ಮಮ್ಮ ನಿನ್ ಬ್ಯಾಗ್ ತುಂಬೋಕೆ ಬರ್ತಾಳೆ!"

ಮದುವೆಯಾದ ಮೇಲೆ ಅವನು ಆಡಿದ ಅತ್ಯಂತ ಬುದ್ಧಿವಂತಿಕೆಯ ಮಾತು ಅದು. ನನಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು.

ಮ್ಯೂನಿಕ್‌ನಲ್ಲಿ ಇಳಿದು, ಒಂದು ಬ್ರೆಜೆಲ್ ಬ್ರೆಡ್ಡು ಹಂಚಿಕೊಂಡು ತಿಂದು, ಬಂದ ವಿಮಾನವನ್ನೇ ಮತ್ತೆ ಹತ್ತಿದೆವು. ಏನಾದರೂ ಮರೆತಿರಾ ಎಂದು ಗಗನಸಖಿ ಪಾಪ ಕಾಳಜಿಯಿಂದ ಕೇಳಿದಳು.

ವಾರದೊಳಗೆ ಇಬ್ಬರ ಫೋನಿನಲ್ಲೂ ಗೋಲ್ಡ್ ಕಾರ್ಡ್ ಕಾಣಿಸಿತು. ತಕ್ಷಣ ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮಾ, ಈ ಸಲ ಒಂದು ಬ್ಯಾಗು ಪೂರ್ತಿ ನಿಂದೇ."

ಮತ್ತೆ 'ಪರವಾಗಿಲ್ಲ' ಬರುತ್ತದೇನೋ ಎಂದು ಹಲ್ಲು ಕಚ್ಚಿ ಕಾದೆ.

"ಎಷ್ಟು ದೊಡ್ಡದೇ ಬ್ಯಾಗು?" ಎಂದಳು ಅಮ್ಮ. "ದೋಸೆ ಕಲ್ಲು ಹಿಡಿಯತ್ತಾ?"