ಹಾರ್ನ್ ಕೇಳಿ ಓಡಿ ಬಂದ ಜಿಂಕೆ

ಬೇಕರಿ ಇಟ್ಟವರಿಗೆಲ್ಲ ಇರುವ ತಲೆನೋವು ಒಂದೇ. ಸಂಜೆ ಉಳಿದ ಬನ್ನನ್ನು ಏನು ಮಾಡುವುದು? ನಾಳೆ ಮಾರುವಂತಿಲ್ಲ, ಇವತ್ತು ಎಸೆಯಲು ಮನಸ್ಸು ಬಾರದು.

ನಮ್ಮ ಬೇಕರಿಯಣ್ಣನಿಗೆ ಮಾತ್ರ ಈ ತಲೆನೋವು ಇರಲಿಲ್ಲ. ಅವನ ಬೇಕರಿಯಲ್ಲಿ ಒಲೆಯ ಪಕ್ಕ ಒಂದು ಹಿತ್ತಾಳೆ ಗಂಟೆ ತೂಗುತ್ತಿತ್ತು. ಬಿಸಿ ಬನ್ನಿನ ತಟ್ಟೆ ಹೊರಗೆ ಬಂದ ಕೂಡಲೇ ಅದನ್ನು ಟಣ್ ಟಣ್ ಎಂದು ಎರಡು ಸಲ ಬಾರಿಸುವುದು ಅವನ ಅಪ್ಪನ ಕಾಲದ ರೂಢಿ. ಸದ್ದು ಕೇಳಿ ಬೀದಿಯ ಜನ ಚೀಲ ಹಿಡಿದು ಬರುತ್ತಿದ್ದರು. ಸಂಜೆ ಅಂಗಡಿ ಮುಚ್ಚುವ ಮುಂಚೆ ಇನ್ನೊಮ್ಮೆ ಟಣ್ ಟಣ್. ಆಗ ಬರುವವರು ಹಿಂಬಾಗಿಲಿಗೆ: ಮೂಟೆ ಹೊರುವವರು, ಬೀದಿ ಗುಡಿಸುವವರು, ಮೂರು ನಾಯಿ, ಒಂದು ಕುಂಟು ಬೆಕ್ಕು. ಉಳಿದದ್ದೆಲ್ಲ ಅವರ ಪಾಲಿಗೆ. "ಒಲೆ ಉರಿಯೋ ಮನೆ ಬಾಗಿಲಿಂದ ಯಾರೂ ಬರಿ ಹೊಟ್ಟೇಲಿ ಹೋಗಬಾರದು" ಎಂದು ಅಪ್ಪ ಹೇಳಿದ್ದ ಮಾತನ್ನು ಅವನು ಒಂದು ದಿನವೂ ಮುರಿದವನಲ್ಲ. ಅಷ್ಟು ಒಳ್ಳೆಯ ಮನುಷ್ಯ. ಕೆಟ್ಟವರಿಗೆ ಬುದ್ಧಿ ಹೇಳುವುದು ಕಷ್ಟ ಎನ್ನುತ್ತಾರೆ. ಒಳ್ಳೆಯವರಿಗೆ ಹೇಳಿ ನೋಡಿ, ಆಗ ಗೊತ್ತಾಗುತ್ತದೆ.

ಒಂದು ಬೇಸಿಗೆಯಲ್ಲಿ ಪ್ರವಾಸಕ್ಕೆಂದು ಮೊದಲ ಸಲ ಬೇಕರಿಗೆ ಬೀಗ ಬಿತ್ತು. ಮಗಳಿಗೆ ಎಂಟು ವರ್ಷ. ಅವಳ ಬಾಯಿ ಸುಮ್ಮನಿರುವುದು ನಿದ್ದೆಯಲ್ಲಿ ಮಾತ್ರ, ಹಾಗಾಗಿ ಮನೆಯವರೆಲ್ಲ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಸಮುದ್ರ ನೋಡಬೇಕು, ಕಾಡು ನೋಡಬೇಕು ಎಂದು ಅವಳು ವರ್ಷವೆಲ್ಲ ಅಪ್ಪನ ತಲೆ ತಿಂದಿದ್ದಳು. ಕಡಲ ದಂಡೆಯ ರಸ್ತೆ ಹಿಡಿದು ಹೋಗುವುದು, ಆಮೇಲೆ ಗುಡ್ಡ ಹತ್ತಿ ಎರಡು ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಂಡು ಮನೆಗೆ ಬರುವುದು ಎಂದು ತೀರ್ಮಾನವಾಯಿತು. ಬ್ರೆಡ್ಡು ಸಾಗಿಸುವ ವ್ಯಾನಿಗೇ ಹಿಂದೆ ಸೀಟು ಕೂಡಿಸಿದರು. ಅಪ್ಪ, ಅಮ್ಮ, ಗುಬ್ಬಿ, ಜೊತೆಗೆ ಅಮ್ಮನ ತಂಗಿ. ಈ ಚಿಕ್ಕಮ್ಮ ದನಕರುಗಳ ಆಸ್ಪತ್ರೆಯಲ್ಲಿ ಡಾಕ್ಟರು.

ಹೊರಡುವ ಹೊತ್ತಿಗೆ ಹೆಂಡತಿ ವ್ಯಾನಿನ ಹಿಂಬಾಗಿಲು ತೆರೆದು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಳು. "ರೀ, ಬಟ್ಟೆ ಇಡೋಕೆ ಜಾಗ ಇಲ್ಲ. ಎರಡು ಮೂಟೆ ಬನ್ನು ಯಾಕ್ರೀ?"

"ದಾರಿ ಉದ್ದಕ್ಕೂ ಯಾರಾದ್ರೂ ಹಸಿದೋರು ಸಿಗ್ತಾರೆ. ಒಣಗಿದ್ರೂ ತಿನ್ನೋಕೆ ಆಗುತ್ತೆ, ಇರಲಿ ಬಿಡು."

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ" ಎಂದು ಅವಳು ತಂಗಿಯ ಕಡೆ ತಿರುಗಿದಳು. "ಇವರದ್ದು ದಿನಾ ಒಲೆ ಮುಂದೆ ನಿಂತು ಬೇಯ್ತಿದ್ರೂ ಹೋಗಿಲ್ಲ ನೋಡು."

ಮೊದಲ ಪಾಠ ಕಡಲ ದಂಡೆಯಲ್ಲೇ ಆಯಿತು. ದೀಪಸ್ತಂಭದ ಕೆಳಗೆ ಮರಳಿನ ಮೇಲೆ ನಿಂತು ಬೇಕರಿಯಣ್ಣ ಒಂದು ಬನ್ನು ಮುರಿದು ಗಾಳಿಗೆ ಎಸೆದ. ಒಂದು ಬಿಳಿ ಹಕ್ಕಿ ಬಂತು. ಎರಡು ಬಂದವು. ನೋಡನೋಡುತ್ತಲೇ ತಲೆಯ ಮೇಲೆಲ್ಲ ರೆಕ್ಕೆಯೋ ರೆಕ್ಕೆ. ಗುಬ್ಬಿ ನಗುತ್ತ ತನ್ನ ಕೈಯಲ್ಲಿದ್ದ ಬನ್ನನ್ನು ಎತ್ತಿ ಹಿಡಿದಳು. ಒಂದು ಹಕ್ಕಿ ಬನ್ನನ್ನೂ ಕಿತ್ತುಕೊಂಡು, ಬೆರಳನ್ನೂ ಗೀರಿ ಹೋಯಿತು. ನಗು ಅಳುವಾಯಿತು.

ಚಿಕ್ಕಮ್ಮ ಬೆರಳನ್ನು ಸಾಬೂನು ಹಚ್ಚಿ ಚೆನ್ನಾಗಿ ತೊಳೆದು, ಔಷಧ ಹಚ್ಚಿ ಪಟ್ಟಿ ಕಟ್ಟಿದಳು. "ಭಾವ, ಈ ಹಕ್ಕಿಗಳು ಮೊದಲು ಮೀನು ಹಿಡಿದು ತಿಂತಿದ್ವು. ಈಗ ಮಕ್ಕಳ ಕೈಯಿಂದ ಕಸಿದು ತಿಂತವೆ. ಯಾರು ಕಲಿಸಿದ್ದು?"

"ಹೊಟ್ಟೆಗೆ ಹಾಕಿದ್ರೆ ಪುಣ್ಯ ಬರುತ್ತೆ ಕಣಮ್ಮ, ಡಾಕ್ಟರಮ್ಮ. ಒಂದು ಗೀರಿಗೆ ಇಷ್ಟೊಂದು ರಾದ್ಧಾಂತ ಬೇಡ" ಎಂದ ಅವನು. ಮಗಳ ಬೆರಳಿನ ಪಟ್ಟಿಯನ್ನು ಮಾತ್ರ ದಾರಿಯುದ್ದಕ್ಕೂ ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

ಮೊದಲ ಉದ್ಯಾನದಲ್ಲಿ ಕಂಡದ್ದು ಮರ, ಮರ, ಮತ್ತೆ ಮರ. ಎರಡನೆಯದರ ಬಾಗಿಲಲ್ಲಿ ಅರಣ್ಯದ ಕಾವಲುಗಾರ ವ್ಯಾನನ್ನು ನಿಲ್ಲಿಸಿ, ಮೂಗು ಅರಳಿಸಿ ನಕ್ಕ. "ಏನ್ ಸಾರ್, ಬೇಕರಿನೇ ತಂದ್ಬಿಟ್ರಾ? ನೋಡಿ, ಒಳಗೆ ಹಾರ್ನ್ ಹೊಡೀಬೇಡಿ. ಗಾಜು ಏರಿಸಿಕೊಂಡೇ ಹೋಗಿ. ಪ್ರಾಣಿಗೆ ಏನೂ ತಿನ್ನಿಸಬೇಡಿ."

"ಖಂಡಿತ ಸಾರ್" ಎಂದ ಬೇಕರಿಯಣ್ಣ. ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದು ಕಿವಿಯಲ್ಲಿ ಹೊರಟುಹೋಗಿತ್ತು.

ಅವರು ಉಳಿದುಕೊಂಡದ್ದು ಉದ್ಯಾನದೊಳಗಿನ ವಸತಿಗೃಹದಲ್ಲಿ. ಬೇಕರಿಯವರಿಗೆ ಬೆಳಗ್ಗೆ ಬೇಗ ಎಚ್ಚರವಾಗುವುದು ರಜೆಯಲ್ಲೂ ತಪ್ಪದು. ಹೆಂಗಸರು ಮಲಗಿರುವಾಗಲೇ ಅಪ್ಪ ಮಗಳು ವ್ಯಾನು ಹತ್ತಿ ಹೊರಟರು. ದೊಡ್ಡ ಬಂಡೆಯ ತಿರುವಿನಲ್ಲಿ ಒಂದು ತಾಯಿ ಜಿಂಕೆ, ಪಕ್ಕದಲ್ಲಿ ಅದರ ಮರಿ. ತಾಯಿಯ ಪಕ್ಕೆಲುಬು ಎಣಿಸುವಂತಿತ್ತು. ಬೇಸಿಗೆಯ ಕಾಡಿನ ಜಿಂಕೆ ಇರುವುದೇ ಹಾಗೆ. ಆದರೆ ಬೇಕರಿಯಣ್ಣನ ಕಣ್ಣಿಗೆ ಕಂಡದ್ದು ಹಿಂಬಾಗಿಲಿಗೆ ಬಂದು ನಿಂತ ಬಡ ತಾಯಿ.

ಅವನು ಬನ್ನನ್ನು ಚೂರು ಮಾಡಿ ರಸ್ತೆಯ ಅಂಚಿಗೆ ಹಾಕಿದ. ರೂಢಿ ಬಿಡಬೇಕಲ್ಲ, ಟಣ್ ಟಣ್ ಬದಲಿಗೆ ಪೀಂ ಪೀಂ ಎಂದು ಮೆಲ್ಲಗೆ ಎರಡು ಸಲ ಹಾರ್ನ್ ಒತ್ತಿದ. ಜಿಂಕೆ ಬೆಚ್ಚಿ ಪೊದೆಗೆ ನುಗ್ಗಿತು. ಅಪ್ಪ ಮಗಳು ಉಸಿರು ಹಿಡಿದು ಕಾದರು. ಸ್ವಲ್ಪ ಹೊತ್ತಿಗೆ ಮೂಗು ಕಂಡಿತು, ಆಮೇಲೆ ಕಿವಿ. ಬಂದು ತಿಂದಿತು.

ಸಂಜೆ ಮತ್ತೆ ಪೀಂ ಪೀಂ. ಮರುದಿನವೂ ಅದೇ. ಮೂರನೆಯ ದಿನದ ಹೊತ್ತಿಗೆ ಹಾರ್ನ್ ಕೇಳಿದರೆ ಸಾಕು, ಪೊದೆಯಿಂದ ತಾಯಿ ನೇರವಾಗಿ ರಸ್ತೆಗೇ ಬರುತ್ತಿತ್ತು, ಹಿಂದೆಯೇ ಮರಿಯೂ. ಗುಬ್ಬಿ ತಾಯಿಗೆ ಬನ್ನಮ್ಮ ಎಂದು ಹೆಸರಿಟ್ಟಳು. "ಚಿಕ್ಕಮ್ಮನಿಗೆ ಹೇಳ್ಬೇಡ" ಎಂದು ಅಪ್ಪ ಕಣ್ಣು ಮಿಟುಕಿಸಿದ. ಗುಬ್ಬಿಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದುಂಟೇ? ಕೊನೆಯ ಸಂಜೆ ಎಲ್ಲ ಹೊರಗೆ ಬಂತು.

ಚಿಕ್ಕಮ್ಮ ಕೂಗಾಡಲಿಲ್ಲ. ವಸತಿಗೃಹದ ಮೆಟ್ಟಿಲ ಮೇಲೆ ಭಾವನ ಪಕ್ಕ ಬಂದು ಕೂತಳು. "ಭಾವ, ಯಾಕೆ ಕೊಟ್ರಿ?"

"ಹಸಿದಿತ್ತಮ್ಮ. ಕಣ್ಣಾರೆ ನೋಡಿ ಸುಮ್ಮನೆ ಹೋಗೋಕೆ ನನ್ನ ಕೈಲಿ ಆಗಲ್ಲ. ನನ್ನ ಬನ್ನು ತಿಂದು ಇವತ್ತಿನ ತನಕ ಯಾರೂ ಸತ್ತಿಲ್ಲ."

"ಮನುಷ್ಯರು ಸತ್ತಿಲ್ಲ. ಜಿಂಕೆ ಹೊಟ್ಟೆ ಬೇರೆ. ಒಂದು ಮಾತು ಹೇಳಿ, ಕಲಸಿದ ಹಿಟ್ಟನ್ನ ಬೆಚ್ಚಗೆ ಮುಚ್ಚಿಟ್ರೆ ಏನಾಗುತ್ತೆ?"

"ಹುಳಿ ಬರುತ್ತೆ, ಉಬ್ಬುತ್ತೆ. ಇದನ್ನ ನನಗೆ ಕೇಳ್ತೀಯಾ?"

"ಜಿಂಕೆ ಹೊಟ್ಟೇಲೂ ಅದೇ ಕಥೆ. ಅದು ಹುಲ್ಲು ಸೊಪ್ಪು ಅರಗಿಸೋಕೆ ಇರೋ ಹೊಟ್ಟೆ. ಹಿಟ್ಟಿನ ತಿಂಡಿ ಬಿದ್ರೆ ಒಳಗೇ ಹುಳಿಯುತ್ತೆ, ಹೊಟ್ಟೆ ಉಬ್ಬರಿಸುತ್ತೆ. ಜಾಸ್ತಿ ತಿಂದ್ರೆ ಪ್ರಾಣಾನೇ ಹೋಗುತ್ತೆ. ಹೀಗೆ ಸತ್ತ ಜಿಂಕೆಗಳನ್ನ ನಾನು ಕೊಯ್ದು ನೋಡಿದೀನಿ ಭಾವ. ಒಳಗೆ ಪ್ಲಾಸ್ಟಿಕ್ ಕವರೂ ಸಿಕ್ಕಿದೆ. ಉಪ್ಪು ಸಕ್ಕರೆ ವಾಸನೆಗೆ ಕವರನ್ನೂ ನುಂಗ್ತವೆ."

"ಒಂದೆರಡು ಬನ್ನಿಗೆ ಏನಾಗುತ್ತೆ ಅಂತೀನಿ" ಎಂದ ಬೇಕರಿಯಣ್ಣ, ದನಿ ತಗ್ಗಿಸಿ.

"ನಿಮ್ಮದು ಒಂದೆರಡು. ಹಿಂದೆ ಬರೋ ಗಾಡಿಯವರದ್ದು ಒಂದೆರಡು. ಅವರ ಹಿಂದಿನವರದ್ದು? ಅತಿಯಾದರೆ ಅಮೃತವೂ ವಿಷ ಅಂತ ಸುಮ್ಮನೆ ಹೇಳಿದ್ದಾರಾ? ಹೊಟ್ಟೆ ಮಾತು ಹಾಗಿರಲಿ. ಮನುಷ್ಯ ಅಂದ್ರೆ ಭಯ ಇರೋ ತನಕ ಕಾಡುಪ್ರಾಣಿಗೆ ಆಯಸ್ಸು. ಆ ಭಯಾನೇ ನೀವು ಕಿತ್ತುಕೊಂಡ್ರೆ ಹೇಗೆ?"

"ಆಯ್ತು ಬಿಡಮ್ಮ. ನಾಳೆ ಹೆಂಗೂ ಹೊರಡೋದು. ಇನ್ನು ಕೊಡಲ್ಲ, ಆಣೆ."

ಮಾತು ಕೊಟ್ಟವನು ಉಳಿಸಿಕೊಂಡ. ಮರುದಿನ ಬೆಳಗ್ಗೆ ತಿರುವಿಗೆ ಹೋಗಲೇ ಇಲ್ಲ. ಅಲ್ಲಿಗೆ ವಿಷಯ ಮುಗಿಯಿತು ಎಂದುಕೊಂಡ. ಆದರೆ ಅವನು ಕೊಟ್ಟ ಮಾತು ಬನ್ನಮ್ಮನಿಗೆ ತಿಳಿಯುವುದು ಹೇಗೆ?

ಬಿಸಿಲೇರುವ ಹೊತ್ತಿಗೆ ಸಾಮಾನು ತುಂಬಿ ಹೊರಟರು. ಮುಂದೆ ಒಂದು ಪುಟ್ಟ ಕೆಂಪು ಕಾರು ಹೋಗುತ್ತಿತ್ತು. ಬಂಡೆಯ ತಿರುವು ಬಂತು. ತಿರುವು ಕಂಡರೆ ಹಾರ್ನ್ ಒತ್ತುವುದು ಎಷ್ಟೋ ಜನರ ಅಭ್ಯಾಸ. ಕೆಂಪು ಕಾರಿನವನು ಪೀಂ ಪೀಂ ಎಂದು ಎರಡು ಸಲ ಒತ್ತಿದ.

"ಅಯ್ಯೋ, ಬೇಡ" ಎಂದ ಬೇಕರಿಯಣ್ಣ, ಯಾರಿಗೂ ಕೇಳದ ಹಾಗೆ. ಮರುಕ್ಷಣವೇ ಬ್ರೇಕಿನ ಕಿರುಚು, ಒಂದು ಬಡಿತದ ಸದ್ದು.

ಅವರು ಇಳಿದು ಓಡಿದಾಗ ಬನ್ನಮ್ಮ ರಸ್ತೆಯ ನಡುವೆ ಬಿದ್ದಿತ್ತು. ಚಿಕ್ಕಮ್ಮ ಮೊಣಕಾಲೂರಿ ಬೆನ್ನು ಮುಟ್ಟಿ ನೋಡಿದಳು, ಅಕ್ಕನ ಕಡೆ ನೋಡಿ ಇಲ್ಲ ಎಂದು ತಲೆಯಾಡಿಸಿದಳು. ತನ್ನ ದುಪಟ್ಟಾ ತೆಗೆದು ಅದರ ಕಣ್ಣಿನ ಮೇಲೆ ಹೊದಿಸಿ, ಕೊನೆಯ ಉಸಿರಿನವರೆಗೂ ಹತ್ತಿರವೇ ಕೂತಳು. ಕೆಂಪು ಕಾರಿನವನು ಇನ್ನೂ ಹುಡುಗು ವಯಸ್ಸಿನವನು. ಅವನ ಹೆಂಡತಿ ಕೂಸನ್ನು ಎದೆಗೊತ್ತಿಕೊಂಡು ಕಾರಿನಲ್ಲಿ ನಡುಗುತ್ತಿದ್ದಳು.

ಅಷ್ಟರಲ್ಲಿ ಬಾಗಿಲ ಕಾವಲುಗಾರ ಬೈಕಿನಲ್ಲಿ ಬಂದ. ಆ ಯುವಕ ಅವನ ಮುಂದೆ ಕೈ ಮುಗಿದ. "ಸಾರ್, ಹಾರ್ನ್ ಹೊಡೆದ್ರೆ ಪ್ರಾಣಿ ಇದ್ರೂ ಓಡಿಹೋಗುತ್ತೆ ಅಂತ ಹೊಡೆದೆ. ಇದು ಓಡಿ ಬಂತು ಸಾರ್! ಯಾವ ಜಿಂಕೆ ಹಾರ್ನ್ ಕೇಳಿ ಓಡಿ ಬರುತ್ತೆ?"

ಕಾವಲುಗಾರನಿಗೂ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ ಕುಟುಂಬಕ್ಕೆ. ಗುಬ್ಬಿ ಅಪ್ಪನ ಮುಖ ನೋಡಿದಳು. ಎಂದೂ ಸುಮ್ಮನಿರದ ಬಾಯಿ ಆಗ ತೆರೆಯಲಿಲ್ಲ. ಬೇಕರಿಯಣ್ಣನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

"ಸಾರ್, ಹಾರ್ನ್ ಒತ್ತಿದ್ದು ಇವರು. ಅದಕ್ಕೆ ಹಾರ್ನ್ ಕಲಿಸಿದ್ದು ನಾನು" ಎಂದ. ಎಲ್ಲ ಹೇಳಿದ. ದಂಡ ಎಷ್ಟಾದರೂ ಕಟ್ಟುತ್ತೇನೆ ಎಂದ.

"ದಂಡ ಆಮೇಲೆ ಇರಲಿ ಸಾರ್" ಎಂದು ಕಾವಲುಗಾರ ಬೆರಳು ತೋರಿಸಿದ. "ಮೊದಲು ಅದನ್ನ ನೋಡಿ."

ಪೊದೆಯಿಂದ ಮರಿ ಹೊರಗೆ ಬಂದಿತ್ತು. ತಾಯಿಯ ಕಡೆ ಹೋಗಲಿಲ್ಲ. ಬನ್ನಿನ ವಾಸನೆ ಹಿಡಿದು ಸೀದಾ ವ್ಯಾನಿನ ಹತ್ತಿರ ಬಂದು, ರಸ್ತೆಯ ಮೇಲೆ ಬೇಕರಿಯಣ್ಣನ ಎದುರಿಗೆ ನಿಂತಿತು.

"ಅಪ್ಪ, ಅದಕ್ಕೆ ಹಸಿವಾಗಿದೆ" ಎಂದಳು ಗುಬ್ಬಿ. ಅಷ್ಟು ಹೊತ್ತಿಗೆ ಅವಳಾಡಿದ ಮೊದಲ ಮಾತು ಅದು.

ಚಿಕ್ಕಮ್ಮ ಎದ್ದು ಬಂದಳು. "ಇದು ಹುಲ್ಲು ಮೇಯೋ ವಯಸ್ಸಿಗೆ ಬಂದಿದೆ. ಜಿಂಕೆಗಳ ಹಿಂಡು ಅಲ್ಲೇ ಮರಗಳ ಹಿಂದೆ ಇದೆ. ಹಿಂಡು ಸೇರಿದ್ರೆ ಬದುಕುತ್ತೆ. ರಸ್ತೆಗೆ ಬರೋದು ರೂಢಿಯಾದ್ರೆ ತಾಯಿಗೆ ಬಂದ ಗತಿನೇ ಇದಕ್ಕೂ. ಓಡಿಸಬೇಕು ಭಾವ."

"ನೀವು ಓಡಿಸಿ" ಎಂದ ಅವನು ಕಾವಲುಗಾರನಿಗೆ.

"ನನ್ನ ಕಂಡ್ರೆ ಅದು ಮೊದಲಿಂದಲೂ ಓಡುತ್ತೆ ಸಾರ್. ಅದು ನಂಬಿರೋದು ನಿಮ್ಮನ್ನ. ನೀವೇ ಹೆದರಿಸಬೇಕು."

ಬಾಗಿಲಿಗೆ ಬಂದ ಯಾರನ್ನೂ ಜೀವಮಾನದಲ್ಲಿ ಹೋಗು ಎಂದವನಲ್ಲ ಅವನು. ಕೈ ಎತ್ತಿ ಎರಡು ಸಲ ಚಪ್ಪಾಳೆ ತಟ್ಟಿದ. ಎರಡು ಸದ್ದು ಕೇಳಿ ಮರಿಯ ಕಿವಿ ನಿಮಿರಿದವು. ಅದು ಇನ್ನೂ ಒಂದು ಹೆಜ್ಜೆ ಹತ್ತಿರ ಬಂತು.

ವ್ಯಾನಿನಿಂದ ತಗಡಿನ ತಟ್ಟೆ ಎಳೆದುಕೊಂಡ. ಬನ್ನು ಬೇಯಿಸುವ ಅದೇ ತಟ್ಟೆ. ಅದನ್ನು ಕೈಗೆ ಸಿಕ್ಕ ಕೋಲಿನಿಂದ ಢಣಢಣ ಬಾರಿಸುತ್ತ ಮರಿಯ ಮೇಲೆ ನುಗ್ಗಿದ. "ಹೋಗು! ಇಲ್ಲೇನೂ ಇಲ್ಲ! ಹೋಗು ಅಂದೆನಲ್ಲ, ಹೋಗು!" ಕೂಗುತ್ತಿದ್ದವನ ಕಣ್ಣಿಂದ ನೀರು ಇಳಿಯುತ್ತಿತ್ತು. ಗುಬ್ಬಿ ಮೊದಲು ಅವನ ಅಂಗಿ ಹಿಡಿದು ಜಗ್ಗಿದಳು. ಆಮೇಲೆ ಏನು ಹೊಳೆಯಿತೋ, ಅಂಗಿ ಬಿಟ್ಟು ತಾನೂ ಕಾಲು ಬಡಿದು ಕೂಗತೊಡಗಿದಳು. ಮರಿ ಬೆದರಿ ಹಾರಿತು. ಒಮ್ಮೆ ನಿಂತು ತಿರುಗಿ ನೋಡಿತು. ಅಪ್ಪ ಮಗಳು ಸದ್ದು ನಿಲ್ಲಿಸಲಿಲ್ಲ. ಅದು ಮರಗಳ ಹಿಂದೆ ಹಿಂಡಿನೊಳಗೆ ಸೇರಿಹೋಯಿತು.

ಹೆಂಡತಿ ಬಂದು ಅವನ ಕೈಯಿಂದ ತಟ್ಟೆ ತೆಗೆದುಕೊಂಡಳು. "ನಿಮ್ಮ ಮನಸ್ಸು ಕೆಟ್ಟದ್ದಲ್ಲ ರೀ" ಎಂದಳು. "ಅದು ನನಗೆ ಗೊತ್ತು. ಮರಿಗೆ ಗೊತ್ತಾಗದೇ ಇದ್ರೇನೇ ಒಳ್ಳೇದು."

ಬೇಕರಿಯಲ್ಲಿ ಗಂಟೆ ಈಗಲೂ ಟಣ್ ಟಣ್ ಎನ್ನುತ್ತದೆ. ಹಿಂಬಾಗಿಲಿಗೆ ಬಂದವರು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಆದರೆ ಆ ಬೇಕರಿ ಇರುವುದು ಕಡಲಿಗೂ ಕಾಡಿಗೂ ಹೋಗುವ ದಾರಿಯಲ್ಲಿ. ಬೇಸಿಗೆಯಲ್ಲಿ ಗಾಡಿ ನಿಲ್ಲಿಸಿ ಬನ್ನು ಕೊಳ್ಳುವವರನ್ನು ಅವನು ತಪ್ಪದೆ ಕೇಳುತ್ತಾನೆ, "ಕಾಡಿಗೆ ಹೊರಟ್ರಾ?" ಹೌದು ಎಂದವರ ಪೊಟ್ಟಣದ ಜೊತೆ ಗುಬ್ಬಿ ಒಂದು ಹಾಳೆ ಇಡುತ್ತಾಳೆ. ನೀವೀಗ ಓದುತ್ತಿರುವುದು ಆ ಹಾಳೆಯನ್ನೇ.

ಅಣ್ಣಂದಿರೇ, ಅಕ್ಕಂದಿರೇ, ಬನ್ನು ನಿಮ್ಮದು, ನೀವೇ ತಿನ್ನಿ, ಮಕ್ಕಳಿಗೆ ಕೊಡಿ. ಕಡಲ ಹಕ್ಕಿಗಾಗಲಿ ಕಾಡಿನ ಪ್ರಾಣಿಗಾಗಲಿ ಒಂದು ಚೂರೂ ಹಾಕಬೇಡಿ. ತಿಂದ ಮೇಲೆ ಕವರು, ಸಿಪ್ಪೆ, ಬಾಟಲಿ ಎಲ್ಲವನ್ನೂ ಚೀಲಕ್ಕೆ ಹಾಕಿ ಮನೆಗೆ ತನ್ನಿ. ಕಾಡಿನೊಳಗೆ ಗಾಡಿ ನಿಧಾನವಾಗಿ ಓಡಿಸಿ, ಗಾಜು ಏರಿಸಿ, ಹಾರ್ನ್ ಮುಟ್ಟಬೇಡಿ. ಗಾಯಗೊಂಡ ಪ್ರಾಣಿ ಕಂಡರೆ ನೀವು ಕೈ ಹಾಕದೆ ಅರಣ್ಯದವರಿಗೆ ತಿಳಿಸಿ. ಪ್ರಾಣಿ ಕಚ್ಚಿದರೆ, ಪರಚಿದರೆ ಗಾಯವನ್ನು ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ.

ದೊಡ್ಡ ಬಂಡೆಯ ತಿರುವಿನಲ್ಲಿ ಒಂದು ಎಳೆ ಜಿಂಕೆ ನಿಮಗೆ ಕಾಣಿಸೀತು. ನಿಮ್ಮ ಗಾಡಿ ಕಂಡ ಕೂಡಲೇ ಅದು ಓಡಿಹೋದರೆ, ಫೋಟೋ ಸಿಗಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಅದು ಬದುಕುವುದನ್ನು ಕಲಿತಿದೆ ಎಂದು ಗುಬ್ಬಿಗೆ ಬಂದು ಹೇಳಿ.