ಗೋಡೆ ಪಕ್ಕದ ಮಗ್ಗ

ನನಗೆ ರೋಗ ಇದ್ದಾಗ ಮನೆ ತುಂಬ ಜನ ಇದ್ದರು. ರೋಗ ಹೋದ ಮೇಲೆ ಯಾರೂ ಇರಲಿಲ್ಲ.

ಹೀಗೆ ಬರೆದರೆ ಉಪಕಾರ ಮರೆತವಳು ಎಂದುಕೊಳ್ಳುತ್ತೀರೇನೋ. ಆದರೆ ನಡೆದದ್ದು ಹಾಗೆಯೇ. ಎದೆಯ ಗಂಟಿಗೆ ಆಪರೇಷನ್ ಆಗಿ ಒಂದು ಮೊಲೆ ಹೋಗಿ, ಆರು ಸಲ ಕಿಮೋ ಹತ್ತಿ, ಕರೆಂಟು ಅನ್ನುವ ರೇಡಿಯೇಷನ್ ಕೊಡಿಸಿಕೊಂಡು ಬರುವಷ್ಟರಲ್ಲಿ ಒಂಬತ್ತು ತಿಂಗಳು. ಅಷ್ಟೂ ದಿನ ರಾಂಪುರದ ಮಗಳು ಪವಿತ್ರ ನನ್ನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಳು, ಬಿಟ್ಟು ಕದಲಲಿಲ್ಲ. ನಮ್ಮ ಓಣಿಯವರು ಸರದಿ ಹಚ್ಚಿಕೊಂಡು ಅಲ್ಲಿಗೇ ಎಳನೀರು ತಂದರು. ಕೊನೆಗೊಂದು ದಿನ ಡಾಕ್ಟರು, "ಈಗೇನೂ ಇಲ್ಲಮ್ಮ, ಗೆದ್ದಿರಿ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಸಾಕು" ಎಂದು ಫೈಲು ಮುಚ್ಚಿದರು. ಪವಿತ್ರ ನನ್ನನ್ನು ಮೊಳಕಾಲ್ಮೂರಿನ ಮನೆಗೆ ತಂದು ಬಿಟ್ಟು, ನಾಲ್ಕು ದಿನ ಇದ್ದು, ತನ್ನ ಮಕ್ಕಳ ಹತ್ತಿರ ಹೋದಳು. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತೆ.

ಆಗ ತಿಳಿಯಿತು, ಗೋಡೆಯಿಂದ ಸದ್ದು ಬರುತ್ತಿಲ್ಲ.

ನಮ್ಮ ಮನೆಗೂ ಎರ್ರಿಸ್ವಾಮಿಯ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಗೆ ತಾಗಿ ಅವನ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಅವನು ರೇಷ್ಮೆ ಸೀರೆಯ ಮೈ ನೇಯುತ್ತಾನೆ. ಅಂಚಿನ ಬಣ್ಣ ಬೇರೆ, ಅದಕ್ಕೆ ಲಾಳಿಯೂ ಬೇರೆ. ಆ ಲಾಳಿ ಎಸೆಯುವುದಕ್ಕೆ ಅವನ ಬಲಗಡೆ ಮಣೆ ಹಾಕಿಕೊಂಡು ಇನ್ನೊಬ್ಬರು ಕೂರಲೇಬೇಕು. ಇಪ್ಪತ್ತೆರಡು ವರ್ಷ ಆ ಮಣೆಯ ಮೇಲೆ ಕೂತವಳು ನಾನು. ನನ್ನ ಯಜಮಾನರು ತೀರಿಕೊಂಡಾಗ, ಕಾರ್ಯ ಮುಗಿದ ಮಾರನೇ ಬೆಳಗ್ಗೆ ಎರ್ರಿಸ್ವಾಮಿ ಬಾಗಿಲಲ್ಲಿ ನಿಂತು, "ಅಕ್ಕ, ಅಂಚು ಕಾಯ್ತಾ ಐತೆ" ಎಂದಿದ್ದ. ಅಷ್ಟೇ. ಎದ್ದು ಹೋಗಿದ್ದೆ.

ಈ ಸಲ ಅವನು ಬರಲಿಲ್ಲ.

ಅವನ ಹೆಂಡತಿ ಪ್ರೇಮಲತಾ ದಿನಾ ಬೆಳಗ್ಗೆ ಊಟದ ಡಬ್ಬಿ ತಂದು ಹೊಸಿಲ ಒಳಗೆ ಇಡುತ್ತಿದ್ದಳು. "ಮಲ್ಕೋ ಅಕ್ಕ, ಮಲ್ಕೋ" ಎಂದು ಪಿಸುಗುಟ್ಟಿ, ಬೆಕ್ಕಿನ ಹಾಗೆ ಹೆಜ್ಜೆ ಇಟ್ಟು ಹೋಗುತ್ತಿದ್ದಳು. ಕೂರುತ್ತಿರಲಿಲ್ಲ. ನಾನು ಗೋಡೆಗೆ ಕಿವಿ ಹಚ್ಚಿ ಮಲಗುತ್ತಿದ್ದೆ. ಒಮ್ಮೊಮ್ಮೆ ಎಲ್ಲೋ ದೂರದಲ್ಲಿ, ಹಿತ್ತಲ ಕಡೆಯಿಂದ ಸಣ್ಣಗೆ ಮಗ್ಗದ ಸದ್ದು ಕೇಳಿದಂತಾಗುತ್ತಿತ್ತು. ನನಗೆ ಎಲ್ಲ ಅರ್ಥವಾಯಿತು ಅಂದುಕೊಂಡೆ. ಮದುವೆ ಸೀರೆಗೆ ಇಂಥ ರೋಗ ಬಂದವಳ ಕೈ ತಾಗಬಾರದು ಎಂದು ಬೇರೆಯವರನ್ನು ಕೂರಿಸಿದ್ದಾರೆ. ನನಗೆ ಗೊತ್ತಾಗಬಾರದೆಂದು ಮಗ್ಗವನ್ನೇ ಹಿತ್ತಲಿಗೆ ಒಯ್ದಿದ್ದಾರೆ.

ಅದಾದ ಮೇಲೆ ಹಾಸಿಗೆಯಿಂದ ಏಳುವುದಕ್ಕೆ ಕಾರಣ ಸಿಗಲಿಲ್ಲ. ಹೊಸದಾಗಿ ಬಂದ ಕೂದಲಿಗೆ ಎಣ್ಣೆ ಹಚ್ಚಲಿಲ್ಲ. ಕನ್ನಡಿಗೆ ಟವಲು ಹೊದಿಸಿದೆ. ಡಬ್ಬಿಯ ಅನ್ನ ಕಾಗೆಗೆ ಹಾಕಿ, ಫೋನಿನಲ್ಲಿ ಪವಿತ್ರಳಿಗೆ "ಊಟ ಆಯ್ತವ್ವ" ಅನ್ನುತ್ತಿದ್ದೆ. ಬದುಕಿ ಬಂದಿದ್ದು ಯಾಕೆ ಎಂದು ಒಬ್ಬಳೇ ಕೇಳಿಕೊಳ್ಳುತ್ತಿದ್ದೆ. ಆ ಮಣೆಯೊಂದು ಸಿಕ್ಕಿದ್ದರೆ ಉತ್ತರ ಬೇಕಾಗಿರಲಿಲ್ಲ.

ಎಡಗೈ ಊದಿಕೊಂಡಿತ್ತು. ಅದಕ್ಕೆ ವ್ಯಾಯಾಮ ಹೇಳಿಕೊಡುತ್ತಾರೆಂದು ಪವಿತ್ರ ಫೋನಿನಲ್ಲೇ ಹಟ ಮಾಡಿ ನನ್ನನ್ನು ಚಳ್ಳಕೆರೆಯ ಆಸ್ಪತ್ರೆಗೆ ಹೊರಡಿಸಿದಳು. ಅಲ್ಲಿಯ ಬೆಂಚಿನ ಮೇಲೆ ನನ್ನ ವಯಸ್ಸಿನವಳೇ ಒಬ್ಬಳು ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. ದೊಡ್ಡಉಳ್ಳಾರ್ತಿಯ ಕುರಿ ಕಾಯುವ ಜುಂಜಮ್ಮ. ಪರಿಚಯ ಗಿರಿಚಯ ಏನಿಲ್ಲ, ನೇರವಾಗಿ ಕೇಳಿದಳು.

"ನಿಂದು ಯಾವ ಕಡೇದವ್ವ?"

"ಎಡಗಡೇದು."

"ನಂದು ಬಲಗಡೇದು. ಬಾ, ಒತ್ತಿ ಕುಂತ್ಕೋ. ಇಬ್ರೂ ಸೇರಿದ್ರೆ ಒಬ್ಳು ಪೂರ್ತಿ ಹೆಂಗಸಾಗ್ತೀವಿ!"

ಒಂಬತ್ತು ತಿಂಗಳಲ್ಲಿ ಅಂಥ ನಗು ನಕ್ಕಿರಲಿಲ್ಲ. ನಗುತ್ತ ನಗುತ್ತ ಅಳು ಬಂತು. ಮಗ್ಗ, ಮಣೆ, ಗೋಡೆ, ಎಲ್ಲ ಅವಳಿಗೆ ಹೇಳಿಬಿಟ್ಟೆ.

"ಬರಬ್ಯಾಡ ಅಂತ ಅವ್ರು ಬಾಯಿ ಬಿಟ್ಟು ಅಂದ್ರಾ?"

"ಇಲ್ಲ."

"ನೀನಾದ್ರೂ ಕೇಳಿದ್ಯಾ?"

"ಇಲ್ಲ."

"ಮತ್ತೆ! ನನ್ನ ಗಂಡನೂ ಆರು ತಿಂಗ್ಳು ಕುರಿ ಹತ್ರ ಬಿಡಲಿಲ್ಲ, ನಿಂಗಾಗಲ್ಲ ಅಂತ. ಒಂದಿನ ನಾನೇ ಕುರಿ ಮೇಯೋ ಕಾವಲಿಗೆ ಹೋದೆ. ಕುರಿಗಳು ಮೂತಿ ಎತ್ತಿ ನೋಡಿದ್ವು, ಮತ್ತೆ ಮೇದ್ವು. ಒಂದು ಕಡಿಮೆ ಐತೆ ಅಂತ ಅವೇನು ಎಣಿಸ್ತಾವಾ? ಹೋಗಿ ಮಣೆ ಮ್ಯಾಲೆ ಕುಂತ್ಕೋ. ಎಬ್ಬಿಸಿದ್ರೆ ಫೋನ್ ಮಾಡು, ದೊಣ್ಣೆ ತಗೊಂಡು ಬರ್ತೀನಿ."

ವ್ಯಾಯಾಮ ಕಲಿಸುವ ಹುಡುಗಿಯನ್ನು ಕೇಳಿದೆ, ಲಾಳಿ ಎಸೆಯಬಹುದಾ ಎಂದು. "ಭಾರ ಎತ್ತಬೇಡಿ ಅಜ್ಜಿ. ಆದ್ರೆ ಕೈ ಸುಮ್ನೆ ಇಟ್ಕೊಂಡೂ ಕೂರಬೇಡಿ. ನಡುನಡುವೆ ಬಿಡುವು ಕೊಡಿ" ಎಂದಳು.

ಬಸ್ಸಿಳಿದವಳು ನನ್ನ ಮನೆಗೆ ಹೋಗಲಿಲ್ಲ. ಕೈಚೀಲ ಹಿಡಿದುಕೊಂಡೇ ಎರ್ರಿಸ್ವಾಮಿಯ ಮನೆಗೆ ನುಗ್ಗಿದೆ. ಪಡಸಾಲೆಯಲ್ಲಿ ಗೋಡೆ ಪಕ್ಕ ಗುಂಡಿಯೇ ಇಲ್ಲ. ಮಣ್ಣು ತುಂಬಿ ಸಾರಿಸಿದ್ದಾರೆ. ನನ್ನ ಮಣೆ ಇದ್ದ ಜಾಗದಲ್ಲಿ ಟ್ರಂಕು. ಜುಂಜಮ್ಮನ ದೊಣ್ಣೆ ನೆನಪಾಗಿ ಮುಂದೆ ಹೋದೆ.

ಹಿತ್ತಲ ತಗಡಿನ ಮರೆಯಲ್ಲಿ, ಸೌದೆ ರಾಶಿಯ ಪಕ್ಕ, ಮಗ್ಗ ಇತ್ತು. ಎರ್ರಿಸ್ವಾಮಿ ತಲೆ ಬಗ್ಗಿಸಿಕೊಂಡು ನೇಯುತ್ತಿದ್ದ. ಮಣೆಯ ಮೇಲೆ ಬೆವರಿಳಿಸುತ್ತ ಪ್ರೇಮಲತಾ.

"ದೇವುಡಾ! ಅಕ್ಕ, ಯಾಕೆ ಎದ್ದು ಬಂದೆ?" ಎಂದ ಎರ್ರಿಸ್ವಾಮಿ.

"ನನ್ನ ಜಾಗ ಮುಚ್ಚಿಬಿಟ್ರಲ್ಲೋ" ಎಂದೆ. "ನನ್ನ ಕೈ ಮೈಲಿಗೆ ಆಯ್ತು ಅಂತ ಬಾಯಿ ಬಿಟ್ಟು ಹೇಳಿದ್ರೆ ಆಗ್ತಿತ್ತು."

ಪ್ರೇಮಲತಾ ಲಾಳಿ ಕೆಳಗಿಟ್ಟಳು. "ಅಯ್ಯೋ ಅಕ್ಕ! ಅವ್ವಂಗೆ ನಿದ್ದೆ ಬೇಕಂತೆ, ಗದ್ದಲ ಆಗಬಾರದಂತೆ ಅಂತ ಪವಿತ್ರ ಫೋನ್ ಮಾಡಿ ಹೇಳಿದ್ಲು. ಮಗ್ಗ ನಿನ್ನ ತಲೆ ಹತ್ರಾನೇ ಬಡೀತಿತ್ತಲ್ಲ! ನೀ ಬರೋದ್ರೊಳಗೆ ಇಲ್ಲಿ ನಾಲ್ಕು ದಿನ ಗುಂಡಿ ತೋಡಿದ್ವಿ."

"ನಾಲ್ಕಲ್ಲ, ಆರು" ಎಂದ ಎರ್ರಿಸ್ವಾಮಿ. "ಬಂಡೆ ಸಿಕ್ತು."

ಡಬ್ಬಿ ಇಟ್ಟು ಬೆಕ್ಕಿನ ಹಾಗೆ ಹೋಗುತ್ತಿದ್ದುದು ಕಣ್ಣ ಮುಂದೆ ಬಂತು. ಬಂಡೆ ಒಡೆದು ನನಗೆ ನಿದ್ದೆ ಕೊಡಿಸಲು ಹೊರಟಿದ್ದರು. ನಾನು ಮೂರು ವಾರದಿಂದ ಕಣ್ಣೇ ಮುಚ್ಚಿರಲಿಲ್ಲ.

"ಆ ಸದ್ದಿನಾಗೇ ಇಪ್ಪತ್ತೆರಡು ವರ್ಷ ಬದುಕಿದೋಳು ಕಣೋ ನಾನು! ಅದು ನಿಂತ ಮೇಲೆ ನಿದ್ದೆ ಎಲ್ಲಿ ಬರುತ್ತೆ?"

ಪ್ರೇಮಲತಾ ಕಣ್ಣೊರೆಸಿಕೊಂಡಳು. ನನ್ನ ಕಣ್ಣು ಅಷ್ಟರಲ್ಲಿ ಸೀರೆಯ ಮೇಲೆ ಬಿದ್ದಿತ್ತು. ಚಳ್ಳಕೆರೆಯ ಮದುವೆ ಮನೆಯ ಸೀರೆ, ಮಾವಿನ ಚಿಗುರಿನ ಬಣ್ಣಕ್ಕೆ ಕೆಂಪು ಅಂಚು.

"ಇದೇನು ಅಂಚಾ? ಇಲಿ ಕಡಿದಂಗೆ ಐತೆ."

"ಹೂಂ, ನೀ ಬಂದು ಎಸಿ ನೋಡಣ!" ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಏಳು" ಎಂದೆ.

ಮಣೆಯ ಮೇಲೆ ಕೂತು ಲಾಳಿ ಹಿಡಿದೆ. ಕಿಮೋ ಆದ ಮೇಲೆ ನನ್ನ ಬೆರಳ ತುದಿಗಳು ಜೋಮು ಹಿಡಿದ ಹಾಗೇ ಇದ್ದವು. ಲಾಳಿ ಎಸೆಯುವ ಮೊದಲೇ ಜಾರಿ ಗುಂಡಿಗೆ ಬಿತ್ತು. ಎರ್ರಿಸ್ವಾಮಿ ಎತ್ತಿಕೊಟ್ಟ. ಮತ್ತೆ ಬಿತ್ತು. ಮೂರನೇ ಸಲ ಬಿದ್ದಾಗ ಎರ್ರಿಸ್ವಾಮಿ ಕೆಲಸ ನಿಲ್ಲಿಸಿ, ಮೆಲ್ಲಗೆ, "ಬ್ಯಾಡ ಬಿಡಕ್ಕ" ಎಂದ.

ಎದ್ದು ಹೋಗಿದ್ದರೆ ಮತ್ತೆ ಬರುತ್ತಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

"ತಡಿಯೋ" ಎಂದೆ. ಬೆರಳು ಸತ್ತಿವೆ, ಅಂಗೈ ಸತ್ತಿಲ್ಲವಲ್ಲ. ಲಾಳಿಯನ್ನು ಅಂಗೈಯಲ್ಲಿ ಕೂರಿಸಿಕೊಂಡೆ. ಕಣ್ಣು ಮುಚ್ಚಿದೆ. "ಹೊಡಿ."

ಎರ್ರಿಸ್ವಾಮಿ ತುಳಿದ ಕಾಲುಮಣೆ ಕಿರ್ ಎಂದಿತು. ಎಳೆಗಳು ಬಾಯಿ ಬಿಟ್ಟವು. ಎಳೆ ಬಡಿದು ಕೂರಿಸುವ ಹಣಿಗೆ ಧಡ್ ಎಂದು ಬಂತು. ಆ ಎರಡು ಸದ್ದಿನ ನಡುವೆ ಲಾಳಿ ಹೋಗಬೇಕಾದ ಜಾಗ ನನ್ನ ಕಿವಿಗೆ ಗೊತ್ತಿತ್ತು. ಎಸೆದೆ. ಹೋಯಿತು. ಎರ್ರಿಸ್ವಾಮಿ ಹಿಡಿದು ತಿರುಗಿ ಎಸೆದ. ಅಂಗೈಗೆ ಬಂದು ತಟ್ಟಿತು.

"ಬಂತು ನೋಡ್ರೀ, ಬಂತು!" ಎಂದು ಪ್ರೇಮಲತಾ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಪಿಸುಮಾತಿನವಳು!

ಅವತ್ತು ಒಂದು ಗೇಣು ನೇಯ್ದೆವು. ಮಾರನೇ ದಿನ ಒಂದೂವರೆ. ಕೈ ಬಿಗಿದಾಗ ನಿಲ್ಲಿಸಿ ಗೋಡೆಗೆ ಕೈ ಹತ್ತಿಸಿ ವ್ಯಾಯಾಮ ಮಾಡುತ್ತಿದ್ದೆ, ಪ್ರೇಮಲತಾಳೂ ಸುಮ್ಮನೆ ಜೊತೆಗೆ ಮಾಡುತ್ತಿದ್ದಳು. ಡಬ್ಬಿ ನಿಂತುಹೋಯಿತು, ಮೂವರೂ ಒಂದೇ ಕಡೆ ಕೂತು ಉಣ್ಣತೊಡಗಿದೆವು. ಇಲಿ ಕಡಿದ ಅಂಚು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ತುದಿಯಲ್ಲಿತ್ತು, ಉಟ್ಟರೆ ಕಾಣದು. ಮಿಕ್ಕ ಅಂಚು ಗರಗಸದ ಹಲ್ಲಿನ ಹಾಗೆ ಒಂದೇ ಸಮ ಬಂತು. ಸೀರೆ ಮಡಿಸಿ ಕೊಟ್ಟ ದಿನ ನಾನು ಕನ್ನಡಿಯ ಟವಲು ತೆಗೆದೆ.

"ಮುಂದಿನ ಸೀರೆಗೆ ಹಾಸು ಏರಿಸೋಣೇನಕ್ಕ?" ಎಂದ ಎರ್ರಿಸ್ವಾಮಿ.

"ಮಗ್ಗ ನನ್ನ ಗೋಡೆಗೆ ಬಂದ್ರೆ ಮಾತ್ರ."

"ಮತ್ತೆ ಗುಂಡಿ ತೋಡ್ಬೇಕಾ!" ಎಂದು ತಲೆ ಮೇಲೆ ಕೈ ಹೊತ್ತ. ಆದರೆ ಈ ಸಲ ಓಣಿಯವರೆಲ್ಲ ಹಾರೆ ಹಿಡಿದು ಬಂದರು. ಒಂದೇ ದಿನದಲ್ಲಿ ಮುಗಿಯಿತು. ನಾನು ಫೋನಿನಲ್ಲಿ ಎಲ್ಲ ಹೇಳಿ ಕರೆದಿದ್ದಕ್ಕೆ ಜುಂಜಮ್ಮ ಬಸ್ಸಿನಲ್ಲಿ ನಿಜವಾಗಿಯೂ ದೊಣ್ಣೆ ತಂದಿದ್ದಳು. ಎರ್ರಿಸ್ವಾಮಿಯನ್ನು ತೋರಿಸಿ, "ಇವನೇನಾ ಬಂಡೆ ಒಡೆದೋನು?" ಎಂದು ನಕ್ಕು, ಅದನ್ನು ಮೂಲೆಗೆ ಒರಗಿಸಿದಳು.

ಮಗ್ಗಕ್ಕೆ ಅರಿಶಿನ ಹಚ್ಚಿ ಕಾಯಿ ಒಡೆದೆವು. ನಾನು ಮಣೆಯ ಮೇಲೆ ಕೂತೆ. ಹಣಿಗೆ ಬಡಿಯಿತು, ಗೋಡೆ ಸಣ್ಣಗೆ ನಡುಗಿತು.

"ಸದ್ದು ಜಾಸ್ತಿ ಆಯ್ತಾ ಅಕ್ಕ?"

"ಸಾಲದು, ಜೋರಾಗಿ ಹೊಡಿ" ಎಂದೆ. "ಆ ಕಡೆ ನನ್ನ ಮನೆ ಐತೆ. ಅದಕ್ಕೂ ಕೇಳ್ಲಿ."