ಹಬಕ್ಕೂಕನ ಐದನೇ ಅಧ್ಯಾಯ

ಬೈಬಲಿನ ಹಾಳೆಯ ಮೇಲೆ ಹುಳ ಎರಡನೇ ಅಧ್ಯಾಯ ದಾಟಿ ಮೂರಕ್ಕೆ ಹೋಯಿತು, ಬೆಳ್ಳಗೆ, ಅಕ್ಕಿಕಾಳಿನ ಅರ್ಧದಷ್ಟಿದೆ, ಹಳೆಯ ಪುಸ್ತಕದಲ್ಲೇ ಹುಟ್ಟಿ ಅಲ್ಲೇ ಮುದಿಯಾಗುವ ಜಾತಿ, ನನಗಿಂತ ಬೇಗ ಓದುತ್ತದೆ, ಕನ್ನಡಕವೂ ಬೇಡ ಅದಕ್ಕೆ — ಕೊನೆಯ ಸಾಲಿನಲ್ಲಿ ಸ್ವಲ್ಪ ನಿಂತು ಮೀಸೆ ಆಡಿಸಿ, ಕೆಳಗಿನ ಬಿಳಿ ಜಾಗ ದಾಟಿ, ನೇರ ಮುಂದಿನ ಪ್ರವಾದಿ ಚೆಫನ್ಯನ ಪುಸ್ತಕಕ್ಕೆ ಇಳಿದೇ ಬಿಟ್ಟಿತು. ಅಂದರೆ ಮುಗಿಯಿತು. ಹಬಕ್ಕೂಕ ಎಂಬ ಪ್ರವಾದಿಗೆ ಇರುವುದು ಮೂರೇ ಅಧ್ಯಾಯ. ನಾಲ್ಕಿಲ್ಲ, ಐದಂತೂ ಇಲ್ಲವೇ ಇಲ್ಲ, ಹುಳಕ್ಕೂ ಗೊತ್ತಿರುವ ಈ ಸಂಗತಿ ವರ್ಷದ ಹಿಂದೆ ಅವತ್ತು ನನಗೆ ಗೊತ್ತಿರಲಿಲ್ಲ, ಹಬಕ್ಕೂಕ ಐದನೇ ಅಧ್ಯಾಯ ಹನ್ನೊಂದನೇ ವಚನ ಎಂದು ಕಣ್ಣು ಕಾಣದ ನನ್ನ ಅಕ್ಕ ರೂತಳಿಗೆ ರಾಗವಾಗಿ ಹೇಳಿ ಸತ್ಯವೇದವನ್ನು ಮುಚ್ಚಿದ್ದೆ, ಮುಚ್ಚಿದ ಸದ್ದು ಕೂಡ ಗಂಭೀರವಾಗಿ ಬಂದಿತ್ತು. ಈಗ ಗಂಟೆ ಆರು ಐವತ್ತೆರಡು. ಆತೂರಿನ ಬಸ್‌ಸ್ಟ್ಯಾಂಡಿನಲ್ಲಿ ಜುವೈರಿಯಾ ಕೂತಿದ್ದಾಳೆ, ಆಸ್ಪತ್ರೆಯಲ್ಲಿ ಅಕ್ಕನ ಪಕ್ಕದ ಹಾಸಿಗೆಯವಳು, ತೊಡೆಯ ಮೇಲೆ ಡಯಾಲಿಸಿಸ್ ಫೈಲು, ಪುತ್ತೂರಿನ ಬಸ್ಸಿಗೆ ಕೈ ತೋರಿಸುವುದಿಲ್ಲ ಎಂದು ತೀರ್ಮಾನ ಮಾಡಿ ಕೂತಿದ್ದಾಳೆ, ಈಗಷ್ಟೇ ಫೋನಿನಲ್ಲಿ ಹೇಳಿದಳು — ಜಯಣ್ಣ, ನಮ್ಮ ಮನೆಯವರು ರವೂಫ್ ನನ್ನನ್ನು ಇಲ್ಲಿ ಬಿಟ್ಟು ಮೀನಿನ ಗಾಡಿ ತಕ್ಕೊಂಡು ಹೋದ್ರು, ನಾನು ಇವತ್ತು ಹೋಗುದಿಲ್ಲ, ಇನ್ನು ಹೋಗುದೇ ಇಲ್ಲ, ಸಾಕಾಯ್ತು ಮಾರಾಯ್ರೆ, ವಾರಕ್ಕೆ ಮೂರು ಸಲ ಸೂಜಿ, ಮನೆಗೆ ಬಂದ್ರೆ ತಲೆ ಎತ್ಲಿಕ್ಕೆ ಆಗುದಿಲ್ಲ, ರೂತಕ್ಕನ ಆ ವಾಕ್ಯ ಉಂಟಲ್ಲ, ಒಂದು ಸಲ ನಿಮ್ಮ ಬಾಯಲ್ಲಿ ಹೇಳಿ, ಕೇಳಿಕೊಂಡು ರಿಕ್ಷಾ ಹಿಡಿದು ಮನೆಗೆ ಹೋಗ್ತೇನೆ, ಮತ್ತೆ ಸಮಾಧಾನದಲ್ಲಿ ಕೂತ್ಕೊಳ್ತೇನೆ. ನಾನು ಏನು ಹೇಳಿದೆ — ಒಲೆಯಲ್ಲಿ ಹಾಲುಂಟು, ಉಕ್ಕುತ್ತದೆ, ಈಗ ತಿರುಗಿ ಫೋನ್ ಮಾಡ್ತೇನೆ ಎಂದೆ. ಒಲೆ ಹೊತ್ತಿಸಿಯೇ ಇರಲಿಲ್ಲ. ಮನೆಯಲ್ಲಿ ಹಾಲೂ ಇಲ್ಲ. ಐವತ್ತಾರು ವರ್ಷದ ಬಾಯಿ, ನಾನು ಯೋಚಿಸುವ ಮೊದಲೇ ಸುಳ್ಳು ಹೇಳಿ ಮುಗಿಸಿ ಕೈ ತೊಳೆದುಕೊಂಡಿರುತ್ತದೆ. ಬಸ್ಸು ನಮ್ಮ ರಾಮಕುಂಜಕ್ಕೆ ಏಳು ಹತ್ತಕ್ಕೆ, ಆತೂರಿಗೆ ಏಳು ಇಪ್ಪತ್ತಕ್ಕೆ.

ಯಾರಿಗೂ ಪೆಟ್ಟಾಗದ ಸುಳ್ಳು ಎಂದುಕೊಂಡಿದ್ದೆ ನನ್ನದು, ಪಂಪು ರಿಪೇರಿಗೆ ಹೋದಲ್ಲೆಲ್ಲ ನಟ್ಟು ಬಿಚ್ಚುತ್ತಾ ಹೇಳುವಂಥದ್ದು — ಆಲೆಟ್ಟಿಯಲ್ಲಿ ಒಂದು ಹುಂಜ ಅಜ್ಜನ ಕಿವಿಯ ಮಿಷನ್ ನುಂಗಿ, ಆಮೇಲೆ ನಾಲ್ಕು ಮನೆ ಆಚೆ ಅಕ್ಕಿ ಕೇರಿದರೂ ಓಡುತ್ತಿತ್ತು, ಜಾಲ್ಸೂರಿನಲ್ಲಿ ಒಬ್ಬ ಕಂಡಕ್ಟರ್ ಶಿಳ್ಳೆ ಹೊಡೆದರೆ ಕೇರಳದ ಬಸ್ಸೂ ನಮ್ಮ ಬಸ್ಸೂ ಒಟ್ಟಿಗೆ ನಿಲ್ಲುತ್ತಿದ್ದವು, ನಡುವೆ ಮಲಗಿದ್ದ ದನ ಮಾತ್ರ ಹೊರಡುತ್ತಿತ್ತು — ನಾನು ನಗುವುದಿಲ್ಲ, ಕೇಳುವವರು ನಗುತ್ತಾರೆ, ಹಾಗೆಯೇ ಬದುಕು ನಡೆದಿತ್ತು. ಮದುವೆ ಯಾಕೆ ಆಗಲಿಲ್ಲ ಎಂಬುದಕ್ಕೂ ಮೂರು ಕಥೆಗಳಿವೆ, ಒಂದರಲ್ಲಿ ಹುಲಿ ಬರುತ್ತದೆ. ಅಕ್ಕ ಮಾತ್ರ ನಗುತ್ತಿರಲಿಲ್ಲ, ಹೋಗಾ ಬೊಗಳೆ ಎನ್ನುತ್ತಿದ್ದಳು, ಕಡಬದ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ನರ್ಸಾಗಿ ನಡೆದವಳು, ಇಂಜೆಕ್ಷನ್ ಕೊಡುವವರಿಗೆ ಸುಳ್ಳುಗಾರರ ಪರಿಚಯ ಚೆನ್ನಾಗಿರುತ್ತದೆ. ಆದಿತ್ಯವಾರ ಚರ್ಚಿಗೆ ಹೋಗುತ್ತಿದ್ದಳು, ಅದೂ ಹಿಂದಿನ ಬೆಂಚು, ಮನೆಯಲ್ಲಿ ಸತ್ಯವೇದ ತೆರೆಯಲು ಪುರುಸೊತ್ತೇ ಇರಲಿಲ್ಲ. ಆಮೇಲೆ ಸಕ್ಕರೆ ಕಾಯಿಲೆ ಮೊದಲು ಕಣ್ಣು ತೆಗೆದುಕೊಂಡಿತು, ಅದು ಸಾಲದೆ ಕಿಡ್ನಿ. ಕಣ್ಣಿದ್ದಾಗ ಓದ್ಲಿಲ್ಲ ಜಯ, ಇನ್ನು ನೀನು ಓದು, ದಿನಕ್ಕೆ ಒಂದು ವಾಕ್ಯ ಸಾಕು, ಒಂದಕ್ಕಿಂತ ಜಾಸ್ತಿ ಓದಿದ್ರೆ ನಂಗೆ ಅರಗುದಿಲ್ಲ. ಪುತ್ತೂರಿನ ಆಸ್ಪತ್ರೆಯಲ್ಲಿ, ಸೂಜಿ ಚುಚ್ಚುವ ಮೊದಲು, ಸ್ಟೂಲಿನ ಮೇಲೆ ಕೂತು ದಿನಧ್ಯಾನದ ಚೀಟಿ ನೋಡಿ ಅವತ್ತಿನ ಒಂದು ವಚನ ಓದುತ್ತಿದ್ದೆ, ಎರಡು ವರ್ಷ ಸರಿಯಾಗಿಯೇ ಓದಿದ್ದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಯಾರಾದರೂ. ಅವಳು ಅದನ್ನು ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದಳು, ಸಕ್ಕರೆ ಕಾಯಿಲೆಯವಳಿಗೆ ಅದೊಂದೇ ಸಿಹಿ, ನಾಲ್ಕು ಗಂಟೆ ತುಟಿ ಆಡುತ್ತಿತ್ತು, ರಕ್ತ ಹೊರಗೆ ಹೋಗಿ ಮಿಷನ್ ಸುತ್ತಿ ಒಳಗೆ ಬರುತ್ತಿತ್ತು, ಕಾಲು ಸೆಳೆದಾಗ ಬೇರೆಯವರು ಕಿರುಚುತ್ತಿದ್ದರು, ಇವಳು ವಾಕ್ಯವನ್ನು ಮೊದಲಿನಿಂದ ಶುರು ಮಾಡುತ್ತಿದ್ದಳು. ನೋವು ಇಲ್ವಾ ಅಕ್ಕ ಎಂದರೆ — ನೋವು ಉಂಟು ಮಾರಾಯ, ಆದ್ರೆ ನೋವಿನ ಪಕ್ಕದಲ್ಲಿ ಯಾರೋ ಬಂದು ಕೂತ ಹಾಗೆ ಆಗ್ತದೆ, ನೋವು ಮತ್ತೆ ಅಷ್ಟು ಮಾತಾಡುದಿಲ್ಲ. ಪಕ್ಕದ ಹಾಸಿಗೆಯಲ್ಲಿ ಜುವೈರಿಯಾ, ಅವಳು ಬೆರಳಿನಲ್ಲಿ ತನ್ನ ಪ್ರಾರ್ಥನೆ ಎಣಿಸುತ್ತಿದ್ದಳು, ಅಕ್ಕ ತುಟಿಯಲ್ಲಿ ತನ್ನದನ್ನು, ನಡುವೆ ನಾನು ಒಬ್ಬ, ಪ್ಯಾಂಟಿನ ತುಂಬ ಗ್ರೀಸು.

ಆಮೇಲೆ ಆ ಸೋಮವಾರ. ಬಸ್ಸಿನಲ್ಲಿ ಅಕ್ಕನಿಗೆ ಸೀಟು ಸಿಕ್ಕಿತು, ನನಗಿಲ್ಲ, ರಾಮಕುಂಜದಿಂದ ಪುತ್ತೂರಿನವರೆಗೆ ಒಂದು ಕಾಲಿನ ಮೇಲೆ, ಇನ್ನೊಂದು ಕಾಲು ಯಾರದೋ ಗೋಣಿಯ ಮೇಲೆ, ಇಳಿಯುವಾಗ ಹಿಂದಿನ ಜೇಬಿನಲ್ಲಿದ್ದ ಕನ್ನಡಕ ಎರಡು ತುಂಡು. ಕನ್ನಡಕ ಇಲ್ಲದೆ ಸತ್ಯವೇದದ ಅಕ್ಷರ ನನಗೆ ಇರುವೆಯ ಮೆರವಣಿಗೆ. ಹೇಳಬಹುದಿತ್ತು, ಅಕ್ಕ, ಕನ್ನಡಕ ಒಡೆಯಿತು, ಜುವೈರಿಯಾಳ ಗಂಡನನ್ನೋ ನರ್ಸನ್ನೋ ಓದಲು ಹೇಳುತ್ತೇನೆ ಎಂದು. ಕಣ್ಣೇ ಇಲ್ಲದವಳ ಮುಂದೆ ನನ್ನ ಕಣ್ಣು ಮಂಜಾಗಿದೆ ಎನ್ನಲು ನಾಚಿಕೆ, ಅವಳಿಗೆ ನಾನು ಇನ್ನೂ ಮರ ಹತ್ತುವ ತಮ್ಮ. ಪುಸ್ತಕ ತೆರೆದೆ. ಹಾಳೆ ತಿರುಗಿಸಿದೆ, ಎರಡು ಸಲ, ಸದ್ದು ಬರಲಿ ಎಂದು. ಮೊಣಕಾಲು ಸಿಡಿಯುತ್ತಿತ್ತು, ಮೊಣಕಾಲೇ ಮಾತಾಡಿತು — ದಣಿದವನೇ, ಇದ್ದಲ್ಲಿಯೇ ಕುಳಿತುಕೋ. ನೀನು ನಡೆಯಬೇಕಾದ ದಾರಿಯು ತಾನೇ ನಿನ್ನ ಬಳಿಗೆ ನಡೆದು ಬರುವದು. ಸೀಟು ಸಿಗದ ಹೊಟ್ಟೆಕಿಚ್ಚಿನಿಂದ ಹುಟ್ಟಿದ ವಚನ. ಯಾವ ಪುಸ್ತಕ ಜಯ? ಯಾರೂ ಓದದ ಪ್ರವಾದಿ ಬೇಕಿತ್ತು, ಹಬಕ್ಕೂಕ ಎಂದೆ, ಆ ಹೆಸರು ಕೇಳಿದರೆ ಪಾದ್ರಿಯವರೂ ಒಂದು ಕ್ಷಣ ಹಾಳೆ ಹುಡುಕುತ್ತಾರೆ. ಅಕ್ಕ ನಗುತ್ತಾಳೆ, ಹೋಗಾ ಬೊಗಳೆ ಎನ್ನುತ್ತಾಳೆ ಎಂದು ಕಾದೆ. ಅವಳು ಕಣ್ಣು ಮುಚ್ಚಿದಳು. ಕಾಣದ ಕಣ್ಣನ್ನು ಯಾಕೆ ಮುಚ್ಚುವುದು, ಆದರೂ ಮುಚ್ಚಿದಳು, ಮುಖದ ಮೇಲಿನ ಗಂಟೆಲ್ಲ ಬಿಚ್ಚಿದ ಹಾಗಾಯಿತು. ಜುವೈರಿಯಾ ಆಚೆಯಿಂದ — ಎಂತ ಚಂದದ ಮಾತು ಜಯಣ್ಣ, ಮೊನ್ನೆಯದ್ದಕ್ಕಿಂತ ಇದು ಲಾಯ್ಕುಂಟು. ಲಾಯ್ಕುಂಟು. ಐವತ್ತು ವರ್ಷ ಕಥೆ ಹೇಳಿದೆ, ಮೊದಲ ಬಾರಿ ನನ್ನ ಕಥೆಗೆ ಯಾರೂ ನಗಲಿಲ್ಲ, ಅದರ ರುಚಿ ಬೇರೆಯೇ ಇತ್ತು, ಹಾಗಾಗಿ ಸುಮ್ಮನಾದೆ, ನನ್ನ ಬಾಯಿ ಸುಮ್ಮನಾದದ್ದು ಜನ್ಮದಲ್ಲಿ ಅದೊಂದೇ ಸಲ, ಅದೂ ತಪ್ಪಾದ ದಿನ. ಬುಧವಾರ ಹೊಸ ಕನ್ನಡಕ ತಂದೆ, ಹೊಸ ವಚನ ತೆಗೆದೆ. ಬೇಡ ಜಯ, ಅದೇ ಸಾಕು. ಶುಕ್ರವಾರವೂ ಅದೇ ಸಾಕು. ಜುವೈರಿಯಾಳಿಗೆ ಅದರಲ್ಲಿ ಬಸ್ಸು ಕಂಡಿತು, ನೋಡಿ ರೂತಕ್ಕ, ಬಸ್ಸು ಅಂದ್ರೆ ನಮ್ಮ ಹತ್ರ ಬರುವ ದಾರಿ ಅಲ್ವಾ, ಹತ್ತಿ ಕೂತ್ರೆ ಆಯ್ತು ಎಂದು ನಗುತ್ತಾ ಬರುತ್ತಿದ್ದಳು. ಅಕ್ಕನಿಗೆ ಬೇರೆ ಏನೋ ಕಂಡಿತು. ಮೂರು ತಿಂಗಳು ತುಟಿಯಲ್ಲಿ ತಿರುಗಿಸಿ ತಿರುಗಿಸಿ ಅದರೊಳಗೆ ನಾನು ಇಡದೇ ಇದ್ದದ್ದನ್ನು ಹುಡುಕಿಕೊಂಡಳು.

ಆ ಮೂರು ತಿಂಗಳ ಕೊನೆಗೆ ಒಂದು ಬೆಳಿಗ್ಗೆ, ರಾಮಕುಂಜದ ಸ್ಟಾಪು, ನನ್ನ ಒಂದು ಕಾಲು ಬಸ್ಸಿನ ಮೆಟ್ಟಿಲಿನ ಮೇಲಿದೆ, ಅಕ್ಕ ಬಾ ಎಂದು ಹಿಂದೆ ತಿರುಗಿದೆ, ಅವಳು ಬೆಂಚಿನಿಂದ ಏಳಲಿಲ್ಲ, ಎಡಗೈ ಎತ್ತಿದಳು, ಸೂಜಿ ಚುಚ್ಚಿ ಚುಚ್ಚಿ ನರ ಹಗ್ಗದ ಹಾಗೆ ಉಬ್ಬಿದ ಕೈ, ಬೀಸಿದಳು, ನೀವು ಹೋಗಿ ಮಗ ಎಂದಳು ಕಂಡಕ್ಟರಿಗೆ — ಬೀಸಿದ್ದು ಬಸ್ಸಿನ ಕಡೆಗಲ್ಲ, ಸ್ವಲ್ಪ ಬಲಕ್ಕೆ, ಏನೂ ಇಲ್ಲದ ಕಡೆಗೆ. ಹತ್ತುದಾ ಇಳಿಯುದಾ ಮಾರಾಯ್ರೆ, ಬೇಗ ಹೇಳಿ ಎಂದ ಕಂಡಕ್ಟರ್. ಇಳಿದೆ. ನರ್ಸಾಗಿದ್ದವಳು, ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಕೂತಳು, ಹಾಗೆಂದು ಈ ಹತ್ತು ತಿಂಗಳಲ್ಲಿ ನನಗೆ ನಾನೇ ಹೇಳಿಕೊಂಡಷ್ಟು ಸಲ ಆ ಹುಂಜದ ಕಥೆಯನ್ನೂ ಹೇಳಿಲ್ಲ. ಅವತ್ತು ಮನೆಗೆ ಬಂದು ಒಂದು ಚೊಂಬು ನೀರು ಕೇಳಿದಳು, ಎರಡು ವರ್ಷದಿಂದ ಗುಟುಕು ಅಳೆದು ಕುಡಿಯುತ್ತಿದ್ದವಳು, ಪೂರ್ತಿ ಕುಡಿದಳು, ಗಲ್ಲದಿಂದ ಸೀರೆಗೆ ಇಳಿಯಿತು, ನಕ್ಕಳು, ಬಾಗಿಲಿನ ಹತ್ತಿರ ಕುರ್ಚಿ ಹಾಕಿಸಿಕೊಂಡಳು. ದಾರಿ ಬಂದ್ರೆ ಕರೆ ಆಯ್ತಾ ಜಯ. ಅಂಥ ಮುಖದ ಮುಂದೆ ಹೇಗೆ ಹೇಳುವುದು, ನಾಳೆ ಹೇಳುವ, ನಾಡಿದ್ದು ಹೇಳುವ, ಹನ್ನೊಂದು ದಿನ ಸಿಕ್ಕಿತು ನನಗೆ, ಒಂದೊಂದು ದಿನವೂ ಬೆಳಿಗ್ಗೆಯಿಂದ ಸಂಜೆಯವರೆಗೆ ಪೂರ್ತಿ ಉದ್ದವಿತ್ತು. ಒಂಬತ್ತು ದಿನ ಚೆನ್ನಾಗಿತ್ತು. ಕೊನೆಯ ಎರಡರ ವಿಷಯ ನಾನು ಯಾರಿಗೂ ಹೇಳಿಲ್ಲ. ಕಳೆದ ವಾರ ಉಪ್ಪಿನಂಗಡಿಯಲ್ಲಿ ಜುವೈರಿಯಾ ಸಿಕ್ಕಿ, ರೂತಕ್ಕ ಹೇಗೆ ಹೋದ್ರು ಸರಿಯಾಗಿ ಹೇಳ್ಲೇ ಇಲ್ಲ ನೀವು ಎಂದಾಗ, ಬಾಯಿಗೆ ಅವಕಾಶ ಸಿಕ್ಕಿತಲ್ಲ — ಅಕ್ಕ ಬಸ್ಸಿಗೆ ಹೋಗು ಎಂದಳು, ಕಂಡಕ್ಟರ್ ಟೊಪ್ಪಿ ತೆಗೆದ, ಹನ್ನೊಂದು ದಿನ ಮುಖದಲ್ಲಿ ದೀಪ ಇಟ್ಟ ಹಾಗೆ ಬೆಳಕು, ಕೊನೆಯ ದಿನ ಅಂಗಳಕ್ಕೆ ಎರಡು ಮಂಗಟ್ಟೆ ಹಕ್ಕಿ ಬಂದು ಕೂತವು ಎಂದೆ. ಎಲ್ಲಿಯ ಮಂಗಟ್ಟೆ. ಜುವೈರಿಯಾ ಫೈಲನ್ನು ಎದೆಗೆ ಒತ್ತಿಕೊಂಡು ಕೇಳುತ್ತಿದ್ದಳು, ನಾನು ಇನ್ನೂ ಒಂದು ಹಕ್ಕಿ ಸೇರಿಸಿದೆ.

ಅಕ್ಕನನ್ನು ಮಣ್ಣು ಮಾಡಿ ಬಂದ ಮರುದಿನ ಸತ್ಯವೇದವನ್ನು ಮೊದಲ ಪುಸ್ತಕ ಆದಿಕಾಂಡದಿಂದ ಓದಲು ಶುರು ಮಾಡಿದ್ದು, ದಿನಕ್ಕೆ ಮೂರು ಅಧ್ಯಾಯ, ಭಕ್ತಿಯಿಂದಲ್ಲ, ಕಳ್ಳ ತಾನು ಕದ್ದದ್ದು ಮೊದಲೇ ತನ್ನದಾಗಿತ್ತೋ ಏನೋ ಎಂದು ದಾಖಲೆ ಹುಡುಕುವ ಹಾಗೆ. ಇಷ್ಟು ದಪ್ಪದ ಪುಸ್ತಕದಲ್ಲಿ ಎಲ್ಲಾದರೂ ಒಂದು ಕಡೆ, ಅದೇ ಮಾತು ಅಲ್ಲದಿದ್ದರೂ ಅದರ ತಮ್ಮನಂಥ ಒಂದು ಮಾತು ಇದ್ದರೆ ನಾನು ಬದುಕಿದೆ. ಯಾಜಕಕಾಂಡದಲ್ಲಿ ಆಡು ಕುರಿ ಹೋರಿ ದಾಟಿದೆ, ಅರಣ್ಯಕಾಂಡದಲ್ಲಿ ಜನಸಂಖ್ಯೆ ಎಣಿಸಿದೆ, ಕೀರ್ತನೆಗಳಲ್ಲಿ ಒಂದೂವರೆ ತಿಂಗಳು ಕೂತೆ, ಅಲ್ಲಿ ಎಷ್ಟೊಂದು ಜನ ಸುಳ್ಳು ತುಟಿಗಳ ಮೇಲೆ ದೂರು ಹೇಳುತ್ತಾರೆ, ಒಂದೊಂದು ಸಲ ಓದುತ್ತಾ ಓದುತ್ತಾ ತಲೆ ತಗ್ಗಿಸಿಕೊಂಡೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ. ಆದರೆ ಒಂದು ವಿಚಿತ್ರ, ಒಂದು ದಿನ ಓದದೆ ಕೆಲಸಕ್ಕೆ ಹೋದರೆ ಸ್ಪಾನರ್ ನಟ್ಟಿನಿಂದ ಜಾರುತ್ತಲೇ ಇರುತ್ತದೆ, ಓದಿ ಹೋದರೆ ಇಲ್ಲ, ಪಕ್ಕದಲ್ಲಿ ಯಾರೋ ಬಂದು ಕೂತ ಹಾಗೆ, ಅಕ್ಕ ಹೇಳಿದ್ದು ಇದನ್ನೇ ಇರಬೇಕು, ಅವಳಿಗೆ ನಿಜದ ವಾಕ್ಯದಿಂದ ಎರಡು ವರ್ಷ ಬಂದ ಬಲ ಇದು, ಅದನ್ನು ನಾನು ಕಿತ್ತುಕೊಂಡು ನನ್ನ ಮೊಣಕಾಲು ಕೊಟ್ಟೆ. ಇವತ್ತು ಬೆಳಿಗ್ಗೆ ಹಬಕ್ಕೂಕ. ಒಂದು ವಾರದಿಂದ ಅವನ ಹಿಂದಿನ ಹಾಳೆಗಳನ್ನೇ ಎರಡೆರಡು ಸಲ ಓದಿ ತಪ್ಪಿಸಿಕೊಂಡಿದ್ದೆ. ಈ ಮನುಷ್ಯ ದೇವರ ಜೊತೆ ಜಗಳಕ್ಕೇ ನಿಲ್ಲುತ್ತಾನೆ, ಯಾಕೆ ಅನ್ಯಾಯ ನೋಡಿ ಸುಮ್ಮನಿದ್ದೀ ಎಂದು ಕೇಳಿ, ಉತ್ತರ ಬರುವವರೆಗೆ ಕಾವಲಿನ ಗೋಪುರದ ಮೇಲೆ ನಿಂತಿರುತ್ತೇನೆ ಎನ್ನುತ್ತಾನೆ. ನಿಂತಿರುತ್ತೇನೆ. ಕೂತುಕೊಳ್ಳುತ್ತೇನೆ ಎಂದಲ್ಲ. ನಾನು ಯಾರ ಹೆಸರಿನಲ್ಲಿ ಅಕ್ಕನನ್ನು ಕೂರಿಸಿದೆನೋ ಅವನು ನಿಂತೇ ಇದ್ದಾನೆ ಇಲ್ಲಿ, ಎರಡನೇ ಅಧ್ಯಾಯದ ಮೊದಲ ಸಾಲಿನಲ್ಲಿ, ಕಾಲು ನೋವಿಲ್ಲವೇ ಅವನಿಗೆ. ಹಾರ್ನು. ಬಸ್ಸು ನಮ್ಮ ತಿರುವು ದಾಟಿತು, ಏಳು ಹನ್ನೊಂದು, ಹಾಲು ಉಕ್ಕಿ ಮುಗಿದಿರಬೇಕು ಎಂದುಕೊಂಡಿರುತ್ತಾಳೆ ಜುವೈರಿಯಾ, ಆ ವಾಕ್ಯ ಸುಳ್ಳು ಎಂದರೆ ಅಕ್ಕನ ಆ ಒಂಬತ್ತು ದಿನವನ್ನೂ ಸುಳ್ಳು ಎಂದ ಹಾಗೆ, ಸುಮ್ಮನಿದ್ದರೆ ಇನ್ನೊಂದು ಕುರ್ಚಿ ಇನ್ನೊಂದು ಬಾಗಿಲಿನ ಹತ್ತಿರ, ಅವಳಿಗೆ ಏಳನೇ ಕ್ಲಾಸಿನ ಮಗಳಿದ್ದಾಳೆ. ಎದ್ದು ನಿಂತೆ. ಫೋನು ನಿಂತೇ ಮಾಡಿದೆ.

ಜುವೈರಿಯಾ, ಅದು ಸತ್ಯವೇದದಲ್ಲಿ ಇಲ್ಲ, ನಾನು ಕಟ್ಟಿದ್ದು, ಕನ್ನಡಕ ಒಡೆದಿತ್ತು. ನಗು ಕೇಳಿಸುತ್ತದೆ, ಸುಸ್ತಾದ ನಗು — ಬಸ್ಸು ಹತ್ತಿಸ್ಲಿಕ್ಕೆ ನೀವು ಎಂತ ಬೇಕಾದ್ರೂ ಹೇಳ್ತೀರಿ ಜಯಣ್ಣ, ಹುಂಜಕ್ಕೆ ಕಿವಿ ಕೇಳಿಸಿದವರು ನೀವು. ಇಲ್ಲ ಮಾರಾಯ್ತಿ, ಇದು ಸತ್ಯ. ನಿಮ್ಮ ಸತ್ಯ ನಂಗೆ ಗೊತ್ತಿಲ್ವಾ, ಬಿಡಿ, ವಾಕ್ಯ ಹೇಳಿ, ರಿಕ್ಷಾ ನಿಂತುಂಟು. ನನ್ನ ಬಾಯಲ್ಲಿ ಸತ್ಯ ಬಂದರೆ ಅದಕ್ಕೆ ನಿಲ್ಲಲು ಜಾಗವಿಲ್ಲ, ಎಲ್ಲ ಕಡೆ ಹಕ್ಕಿಗಳು ಕೂತಿವೆ. ಹಾಗಾದ್ರೆ ಕೇಳು, ಮಂಗಟ್ಟೆ ಬರ್ಲಿಲ್ಲ, ಒಂದೂ ಬರ್ಲಿಲ್ಲ, ಕೊನೆಯ ಎರಡು ದಿನ ಅವಳಿಗೆ ಮಲಗ್ಲಿಕ್ಕೆ ಆಗ್ಲಿಲ್ಲ, ಮಲಗಿದ್ರೆ ನೀರಿನಲ್ಲಿ ಮುಳುಗಿದ ಹಾಗೆ, ಕೂತೇ ಇದ್ದಳು ಜುವೈರಿಯಾ, ಕಾಲು ಕಂಬದ ಹಾಗೆ ಬಾತು, ಆಸ್ಪತ್ರೆಗೆ ಹೋಗುವ ಅಕ್ಕ ಅಂತ ಅತ್ತೆ, ತಲೆ ಆಡಿಸಿದಳು, ಉಸಿರಿನ ಮಧ್ಯೆ ಆ ವಾಕ್ಯ ಹೇಳ್ಲಿಕ್ಕೆ ನೋಡಿದಳು, ಅರ್ಧಕ್ಕಿಂತ ಮುಂದೆ ಹೋಗ್ಲಿಲ್ಲ, ದಾರಿ ಅಂತ ಹೇಳುದು, ಮತ್ತೆ ಬಾಯಿ ತೆರೆದು ಗಾಳಿ ಹುಡುಕುದು, ದಾರಿ ಬರ್ಲಿಲ್ಲ, ಯಾವ ದಾರಿಯೂ ಬರ್ಲಿಲ್ಲ. ಆಚೆ ರಿಕ್ಷಾದವನು ಏನೋ ಕೇಳುತ್ತಾನೆ, ತಡೀರಿ ಎನ್ನುತ್ತಾಳೆ ಅವನಿಗೆ. ಆಮೇಲೆ, ಸಣ್ಣ ದನಿಯಲ್ಲಿ — ರೂತಕ್ಕನಿಗೆ ಹೇಳಿದ್ರಾ ನೀವು, ಕಟ್ಟಿದ್ದು ಅಂತ? ಇಲ್ಲ. ಹನ್ನೊಂದು ದಿನ ಇತ್ತಲ್ಲ ನಿಮ್ಗೆ. ಇತ್ತು. ಅಲ್ಲಾಹ್, ಹನ್ನೊಂದು ದಿನ, ಅವರನ್ನು ನೀವೇ ಕೂರಿಸಿದ್ದು ಜಯಣ್ಣ, ನಿಮ್ಮ ಬಾಯಿ ನೋಡುದಿಲ್ಲ ಇನ್ನು ನಾನು — ಮತ್ತೆ ಬಸ್ಸಿನ ಬ್ರೇಕು, ಬಾಗಿಲು ಬಡಿಯುವ ಸದ್ದು, ಪುತ್ತೂರು ಪುತ್ತೂರು, ಅವಳು ಕೂಗುತ್ತಾಳೆ, ನಿಲ್ಸಿ, ಹೋಗ್ಬೇಡಿ, ಜನ ಉಂಟು, ಚಪ್ಪಲಿಯ ಓಟ, ಫೈಲು ಬಿದ್ದಿತೋ ಏನೋ, ಬನ್ನಿ ಬನ್ನಿ ನಿಧಾನ ಬನ್ನಿ, ರೈಟ್ — ಕಟ್ಟಾಯಿತು. ಹತ್ತಿದಳು. ಹತ್ತಿದಳು ಅಲ್ಲವೇ. ಹತ್ತಿದಳು, ಸಿಟ್ಟಿನಿಂದ ಹತ್ತಿದರೂ ಹತ್ತಿದ ಹಾಗೆಯೇ, ಸೀಟು ಸಿಕ್ಕಿರಲಿ. ಇಷ್ಟೇ ಇತ್ತು ಹೇಳಬೇಕಾದದ್ದು, ಎರಡು ನಿಮಿಷದ ಮಾತು, ಇಷ್ಟನ್ನೇ ಅವತ್ತು ಅಕ್ಕನಿಗೆ ಹೇಳಬಹುದಿತ್ತು, ಕಾಲು ಮೆಟ್ಟಿಲಿನ ಮೇಲಿದ್ದಾಗ, ಕಂಡಕ್ಟರ್ ಬೇಗ ಹೇಳಿ ಎಂದಿದ್ದ, ಅವನೂ ಕೇಳಿದ್ದ ನನ್ನನ್ನು, ಬಸ್ಸು ನಿಂತಿತ್ತು, ಡ್ರೈವರ್ ಕಾದಿದ್ದ, ಎಲ್ಲರೂ ಕಾದಿದ್ದರು, ಅಕ್ಕನ ಕೈ ಮೇಲಿತ್ತು, ನರ ಉಬ್ಬಿದ ಎಡಗೈ, ಬೀಸುತ್ತಿತ್ತು, ಬಸ್ಸಿನ ಕಡೆಗಲ್ಲ, ಸ್ವಲ್ಪ ಬಲಕ್ಕೆ, ಕೈ, ಸ್ವಲ್ಪ ಬಲಕ್ಕೆ, ಏನೂ ಇಲ್ಲದ ಕಡೆಗೆ